ಕೌದಿಯ ಹೊಟ್ಟೆಯಲ್ಲಿ ಹನ್ನೆರಡು ಪದ

ಕೂಡ್ಲಿಗಿಯಲ್ಲಿ ಅಂಜಿನಕ್ಕನ ಕೌದಿ ಹೊದೆಯದ ಕೂಸು ಕಡಿಮೆ. ನಲವತ್ತು ವರ್ಷದಿಂದ ಹಳೆ ಸೀರೆ, ಹರಿದ ಪಂಚೆ ಹೊಂದಿಸಿ ಹೊಲಿಯುತ್ತ ಬಂದ ಹೆಂಗಸು. ಓದು ಬರದು, ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ನಾಲಿಗೆಯಂತೂ ಸೂಜಿಗಿಂತ ಮೊನಚು. ಅಂಥವಳು ಅವತ್ತು ಕೊಟ್ಟೂರಿನ ಬಸ್ಸಿನಲ್ಲಿ ತುಟಿ ಬಿಚ್ಚದೆ ಕೂತಿದ್ದಳು.

ಪಕ್ಕದಲ್ಲಿ ಮಗ ತಿಪ್ಪೇಶ, ಕರೆಂಟಿನ ಲೈನ್‌ಮನ್. ಅವನ ಕೈಯಲ್ಲಿ ಮೊಬೈಲು. ನೋಡಲು ಎಲ್ಲರ ಮೊಬೈಲಿನಂತೆಯೇ, ಆದರೆ ಒಳಗೆ ಬೇರೆಯದೇ ಒಂದು ಚಿಪ್. ಕ್ರಿಪ್ಟೊ ಹಣದ ಕೀಲಿ ಅದರಲ್ಲೇ ಬಂದೋಬಸ್ತಾಗಿರುತ್ತದಂತೆ. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಪಾಸ್‌ಬುಕ್ಕಿಲ್ಲ. ಆರಂಕಿಯ ಪಿನ್ ಒತ್ತಿದರೆ ತೆರೆಯುತ್ತದೆ, ಅಷ್ಟೇ. ಹುಷಾರಿಗೆಂದು ಹೊಸ ಪಿನ್ ಹಾಕಿ ಅದನ್ನೇ ಮರೆತ ಈ ಜಾಣ ಹತ್ತು ಸಲ ತಪ್ಪು ಒತ್ತಿದ್ದ. ಹತ್ತನೆಯದಕ್ಕೆ ಚಿಪ್ ತನ್ನೊಳಗಿದ್ದುದನ್ನೆಲ್ಲ ಒರೆಸಿಕೊಂಡು ಕೂತಿತು. ಇನ್ನು ಉಳಿದದ್ದು ಮೊದಲ ದಿನ ಅದೇ ಮೊಬೈಲು ತೋರಿಸಿದ್ದ ಹನ್ನೆರಡು ಇಂಗ್ಲಿಷ್ ಪದ. ಅವನ್ನು ಸಾಲಾಗಿ ಹಾಕಿದರೆ ಹಣ ಮರಳುತ್ತದೆ. ಪದ ಹೋದರೆ ಹಣವೂ ಗೋವಿಂದ!

ಪದ ಬರೆದ ಕಾರ್ಡನ್ನು "ಅವ್ವಾ, ಯಾರ ಕೈಗೂ ಸಿಗದಂಗ ಇಡು" ಎಂದು ಕೊಟ್ಟವನು ಅವನೇ. ಇವಳು ಇಟ್ಟಿದ್ದಳು, ಕೌದಿಯ ಹೊಟ್ಟೆಯಲ್ಲಿ.

ಕೌದಿಯನ್ನು ಅಂಚಿನಿಂದ ಸುತ್ತುತ್ತ ಹೊಲಿದು ಬಂದು ನಡುವೆ ಅಂಗೈಯಗಲ ಜಾಗ ಬಿಡುತ್ತಾರೆ. ಅದೇ ಹೊಟ್ಟೆ. ಅದಕ್ಕೆ ನಾಲ್ಕು ಕಾಳು ಜೋಳ ಹಾಕಿಯೇ ಮುಚ್ಚಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ. ತನಗೆಂದು ಹೊಲಿದುಕೊಂಡ ಕೌದಿಗೆ ಅಂಜಿನಕ್ಕ ಜೋಳದ ಜೊತೆ ಮಗನ ಕಾರ್ಡನ್ನೂ ಉಣ್ಣಿಸಿದ್ದಳು. ಅಷ್ಟರಲ್ಲಿ ಕೊಟ್ಟೂರಿನ ಚಂದನಾಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹುಟ್ಟುವ ಕೂಸಿಗೆಂದು ಅವಳು ಹೊಲಿಯಲು ಹೇಳಿದ್ದ ಕೌದಿ ಇನ್ನೂ ಅರ್ಧವೂ ಆಗಿರಲಿಲ್ಲ. ಕೂಸು ಥಂಡಿಗೆ ನಡುಗುವಾಗ ಕಾರ್ಡು ಯಾರಿಗೆ ನೆನಪಿರುತ್ತದೆ? ತನ್ನದನ್ನೇ ಮಡಿಸಿ ಕಳಿಸಿಬಿಟ್ಟಿದ್ದಳು.

"ಬೈಯೋದಾದ್ರ ಬೈಯಲೇ, ಹಿಂಗ ಮೂಗನಂಗ ಕುಂದ್ರಬ್ಯಾಡ" ಎಂದಳು ಕೊನೆಗೆ.

"ಬೈಯಾಕ ನನಗ ಮಕ ಇಲ್ಲವ್ವಾ" ಎಂದ ತಿಪ್ಪೇಶ. ಅದೇನು ಮಾತೋ ಅವಳಿಗೆ ತಿಳಿಯಲಿಲ್ಲ.

ಚಂದನಾಳ ಮನೆಯಲ್ಲಿ ಕೂಸು ಬೇರೆ ರಗ್ಗಿನ ಮೇಲೆ ಮಲಗಿತ್ತು.

"ಕೌದಿ ಎಲ್ಲೈತವ್ವಾ?"

"ಕೂಸು ಉಚ್ಚಿ ಹೊಯ್ದಿತ್ತಕ್ಕಾ. ಸೋಪಿನ ನೀರಾಗ ನೆನಿ ಹಾಕಿ, ಈಗರ ಒಗದು ಹಾಕೀನಿ ನೋಡ್ರಿ."

ಅಂಜಿನಕ್ಕ ಹಿತ್ತಲಿಗೆ ಓಡಿದಳು. ಹಿತ್ತಲ ಗೋಡೆಯ ಮೇಲೆ ಕೌದಿ ತೊಟ್ಟಿಕ್ಕುತ್ತಿತ್ತು. ತಿಪ್ಪೇಶ ಕಾರ್ಡಿನ ಕಥೆ ಹೇಳಿದ. ಕೇಳಿ ಚಂದನಾ ಗಾಬರಿಬಿದ್ದಳು.

"ಕೂಸು ಹೊದಿಯೋದರ ಹೊಟ್ಟಿ ಸೀಳತೀರೇನಕ್ಕಾ? ಕೇಡಲ್ಲೇನು?"

"ಹೊಲಿದಾಕಿ ನಾನು. ಕೇಡು ಬಂದ್ರ ನನಗ ಬರ್ಲಿ."

ಹಾಗೆಂದರೂ, ಸಂಚಿಯಿಂದ ಬ್ಲೇಡು ತೆಗೆದು ಮೊದಲು ಕೌದಿಗೆ ಕೈಮುಗಿದಳು. ಮುಚ್ಚಿದ ಹೊಟ್ಟೆಯನ್ನು ನಲವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಬಿಚ್ಚಿದವಳಲ್ಲ. ನೆನೆದ ದಾರ ಬಿಗಿದುಕೊಂಡಿತ್ತು. ತನ್ನ ಹೊಲಿಗೆ ಇಷ್ಟು ಗಟ್ಟಿಯೆಂದು ಅವತ್ತು ತನ್ನನ್ನೇ ಶಪಿಸಿಕೊಂಡಳು. ಬೆರಳು ಕುಯ್ದು ರಕ್ತ ಬಂತು. ಒಳಗೆ ಜೋಳ ಉಬ್ಬಿತ್ತು, ಅದರಡಿಯಲ್ಲಿ ಕಾರ್ಡು, ನೆನೆದ ರೊಟ್ಟಿಯಂತೆ ಮೆತ್ತಗೆ. ಅಂಗೈ ಮೇಲೆ ಜಾರಿಸಿಕೊಂಡು ಮಡಿಕೆ ಬಿಚ್ಚಿದರೆ ಮೂಲೆಯೊಂದು ಕಿತ್ತು ಬಂತು. ತಿಪ್ಪೇಶ ಕಣ್ಣು ಮುಚ್ಚಿಕೊಂಡಿದ್ದ.

"ನೋಡಲೇ! ನನಗ ಓದಾಕ ಬಂದಿದ್ರ ನಿನ್ನ ಯಾಕ ಕೇಳ್ತಿದ್ನಿ?"

ನೋಡಿದ. ಕಂಬದ ನಂಬರು ಮಳೆಗೆ ಅಳಿಸದಿರಲೆಂದು ಲೈನ್‌ಮನ್ನುಗಳು ಪೆನ್ಸಿಲಿನಲ್ಲೇ ಬರೆದುಕೊಳ್ಳುವುದು. ರೂಢಿಯಂತೆ ಈ ಪದಗಳನ್ನೂ ಪೆನ್ಸಿಲಿನಲ್ಲೇ ಬರೆದಿದ್ದ. ಒಂದು, ಎರಡು, ಮೂರು... ಕಿತ್ತು ಬಂದ ಮೂಲೆ ಖಾಲಿಯದು.

"ಹನ್ನೆರಡೂ ಅದಾವವ್ವಾ!"

ಹೊಸ್ತಿಲ ಮೇಲೆ ಕೂತು ಒಂದೊಂದಾಗಿ ಒತ್ತಿದ. ಕೊನೆಯ ಪದದ ಮೇಲೆ ಪರದೆಯಲ್ಲಿ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಆಮೇಲೆ ಹಣದ ಲೆಕ್ಕ ಮೂಡಿತು.

ಅಂಜಿನಕ್ಕ ಗಳಗಳ ಅತ್ತಳು. "ನಿನ್ನ ದುಡಿಮಿ ನೀರುಪಾಲು ಮಾಡ್ತಿದ್ನಲ್ಲೋ ತಮ್ಮಾ."

"ನನ್ನ ದುಡಿಮಿ ಅಲ್ಲವ್ವಾ." ತಿಪ್ಪೇಶ ತಲೆಯೆತ್ತಲಿಲ್ಲ. "ಹೈವೇಗೆ ನಮ್ಮ ಪಡಸಾಲಿ ಹೋತಲ್ಲ, ಅದರ ಪರಿಹಾರ. ನಿನ್ನ ರೊಕ್ಕ. ಬ್ಯಾಂಕಿನ್ಯಾಗ ಇಟ್ಟೀನಿ ಅಂತ ಸುಳ್ಳು ಹೇಳಿದ್ನಿ."

ಅವಳ ಅಳು ಗಕ್ಕನೆ ನಿಂತಿತು. ಆ ಪಡಸಾಲೆಯಲ್ಲಿ ಕೂತೇ ಅವಳು ಆಯುಷ್ಯವೆಲ್ಲ ಹೊಲಿದದ್ದು. ಈಗ ಅಲ್ಲಿ ಲಾರಿ ಓಡಾಡುತ್ತವೆ. ದಾರಿಯುದ್ದಕ್ಕೂ ತಾನು ಕಳ್ಳಿಯಂತೆ ಕೂತಿದ್ದು ನೆನಪಾಯಿತು. ಕೈ ಎತ್ತಿದಳು, ಕೂಸು ಎದ್ದೀತೆಂದು ಇಳಿಸಿದಳು.

"ಮೊಬೈಲು ಅದೇನೋ ಕೇಳಾಕತ್ತೈತಲ್ಲ, ಏನದು?"

"ಹೊಸ ಪಿನ್ ಹಾಕು ಅನ್ನಾಕತ್ತೈತಿ. ಆರು ಅಂಕಿ."

"ಇಲ್ಲಿ ಕೊಡು."

ಗೋಡೆಯ ಕಡೆ ತಿರುಗಿ ನಿಂತು ನಿಧಾನಕ್ಕೆ ಆರು ಸಲ ಒತ್ತಿದಳು. ಇನ್ನೊಮ್ಮೆ ಹಾಕಬೇಕೆಂದು ತಿಪ್ಪೇಶ ಹೇಳಿದಾಗ ಅದನ್ನೇ ಇನ್ನೊಮ್ಮೆ ಒತ್ತಿದಳು. ಕಾರ್ಡನ್ನು ಒಣಬಟ್ಟೆಯಲ್ಲಿ ಸುತ್ತಿ ಸಂಚಿಗೆ ಸೇರಿಸಿ, ಮೊಬೈಲನ್ನು ಅವನ ಮಡಿಲಿಗೆ ಹಾಕಿದಳು.

"ಏನು ನಂಬರು ಹಾಕಿದಿ ಅವ್ವಾ?"

"ನನ್ನ ರೊಕ್ಕದ ನಂಬರು ನಿನಗ್ಯಾಕಲೇ?" ಎಂದು ಸೂಜಿಗೆ ದಾರ ಪೋಣಿಸಿದಳು. "ಚಂದನಾ, ನಾಕು ಕಾಳು ಜ್ವಾಳ ತಾರವ್ವಾ. ಹೊಟ್ಟಿ ಮುಚ್ಚಬೇಕು."