ಹಸುವಿಗೆ ನೀರು ಹುಯ್ಯದ ಮಧ್ಯಾಹ್ನ

ಆ ದಿನ ಬೆಳಗಿನಿಂದ ಹಸುವಿನ ಮೈಮೇಲೆ ಒಂದು ತೊಟ್ಟು ನೀರೂ ಬೀಳಬಾರದೆಂದು ಅಮ್ಮನಿಗೆ ಕಟ್ಟಪ್ಪಣೆ ಮಾಡಿದ್ದೆ. ಕುಡಿಯಲು ಬಾನಿಯ ತುಂಬ ಇತ್ತು. ಮೈಗೆ ಮಾತ್ರ ಇಲ್ಲ. ಒದ್ದೆ ಗೋಣಿಚೀಲ ಹೊದಿಸುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ. ಕ್ಯಾಸಂಬಳ್ಳಿಯ ಪಕ್ಕದ ನಮ್ಮೂರಿನಲ್ಲಿ ಏಪ್ರಿಲ್ ಬಿಸಿಲಿಗೆ ಶೀಟಿನ ಕೊಟ್ಟಿಗೆ ಹೇಗೆ ಕಾಯುತ್ತದೆಂದು ಗೊತ್ತಿದ್ದೂ ಹೇಳಿದ ಮಾತು.

ನನ್ನ ಸಂಶೋಧನೆಯ ಕೆಲಸವೇ ಅಂಥದ್ದು. ಸೆಕೆ ಏರಿದಾಗ ಹಸುವಿನ ಯಕೃತ್ತಿನಲ್ಲಿ ಯಾವ ಜೀನ್‌ಗಳು ಸುಮ್ಮನಾಗುತ್ತವೆ, ಯಾವುವು ಎದ್ದು ದುಡಿಯುತ್ತವೆ ಎಂದು ನೋಡುವುದು. ಮನೆಯಲ್ಲಿ ಒಬ್ಬರಿಗೆ ಜೋರು ಜ್ವರ ಬಂದರೆ ಒಲೆ, ಮುಸುರೆ ಎಲ್ಲ ಬಿಟ್ಟು ಹಾಸಿಗೆಯ ಸುತ್ತ ಸೇರುತ್ತೇವಲ್ಲ, ಯಕೃತ್ತೂ ಹಾಗೆಯೇ. ಹಾಲಿಗೆ ಬೇಕಾದ ಕೆಲಸ ಬದಿಗಿಟ್ಟು, ಕಾವಿಗೆ ಕೆಡುತ್ತಿರುವ ಪ್ರೋಟೀನ್‌ಗಳನ್ನು ಕಾಪಾಡಲು ಓಡುತ್ತದೆ. ಅದನ್ನು ಹಿಡಿಯಬೇಕಾದರೆ ಹಸು ನಿಜಕ್ಕೂ ಬೆಂದಿರಬೇಕು. ಆಗಲೇ ದನದ ಡಾಕ್ಟರು ಪಕ್ಕೆಗೆ ಮರಗಟ್ಟುವ ಮದ್ದು ಚುಚ್ಚಿ, ಸೂಜಿಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆಯಬೇಕು. ಊರಿಗಾಂ ಕಡೆ ಹಸು ಸಾಕಿದವರನ್ನೆಲ್ಲ ಕೇಳಿದೆ, ಒಲ್ಲೆ ಎಂದರು. ಉಳಿದದ್ದು ಅಮ್ಮನ ಹಸು.

“ಮನೆಗೆ ಮಾರಿ, ಊರಿಗೆ ಉಪಕಾರಿ ಕಣೇ ನೀನು,” ಎಂದು ಬೈದುಕೊಂಡೇ ಅಮ್ಮ ಒಪ್ಪಿದ್ದಳು.

ಬಂಗಾರಪೇಟೆಯಿಂದ ಮಧ್ಯಾಹ್ನಕ್ಕೆ ಬರಬೇಕಿದ್ದ ಡಾಕ್ಟರು ಬೈಕ್ ಪಂಕ್ಚರ್ ಎಂದು ಫೋನ್ ಮಾಡಿದರು. ಹಸು ನಾಲಿಗೆ ಚಾಚಿ ತೇಕತೊಡಗಿತ್ತು. ಜೊಲ್ಲು ನೆಲದವರೆಗೆ ಇಳಿಯುತ್ತಿತ್ತು. ನಾನು ಅದರ ಪಕ್ಕೆಯನ್ನೇ ನೋಡುತ್ತಾ ಉಸಿರು ಎಣಿಸುತ್ತಿದ್ದೆ. ಹೆದರಿಕೆಯಾಗಿತ್ತು, ಆದರೆ ಇಷ್ಟು ಕಾದದ್ದು ದಂಡವಾಗಬಾರದೆಂಬ ಹಟ ಅದಕ್ಕಿಂತ ದೊಡ್ಡದಿತ್ತು. ಅಮ್ಮ ಹಗ್ಗ ಹಿಡಿದು ಬೆಳಗಿನಿಂದ ಅಲ್ಲೇ ನಿಂತಿದ್ದಳು. ಎರಡು ಸಲ ಅವಳಿಗೆ ಕುಡಿಯಲು ಚೊಂಬಿನಲ್ಲಿ ನೀರು ಕೊಡಲು ಹೋದೆ. “ಮಡಗು ಅಲ್ಲಿ,” ಎಂದು ಮೋಟುಗೋಡೆ ತೋರಿಸಿದಳು.

ಮೂಲೆಯಲ್ಲಿ, ಆಂಡರ್ಸನ್‌ಪೇಟೆಯಿಂದ ಐಸ್ ತುಂಬಿಸಿ ತಂದ ಪೆಟ್ಟಿಗೆ ಇತ್ತು. ಅಮ್ಮನ ಕಣ್ಣು ಅದರ ಮೇಲೆ.

“ಅದ್ಯಾಕ್ಲೇ ಅಷ್ಟೊಂದು ಐಸು?”

“ತೆಗೆದ ಚೂರು ಕೆಡಬಾರದಲ್ಲಮ್ಮ.”

“ಅಕ್ಕಿಕಾಳಷ್ಟು ಲಿವರ್‌ಗೆ ಪೆಟ್ಗೆ ತುಂಬ ಐಸು. ಇಷ್ಟು ದೊಡ್ಡ ಜೀವದ ಮೈಗೆ ಒಂದು ಚೊಂಬು ನೀರಿಲ್ಲ.”

“ಇನ್ನೊಂದು ಗಳಿಗೆ, ಸುಮ್ನಿರು,” ಎಂದು ಸಿಡುಕಿದೆ.

ಮತ್ತೆ ಎಣಿಸಲು ಶುರುಮಾಡಿದೆ. ಹಗ್ಗ ಸಡಿಲವಾದದ್ದು ಕಂಡು ತಿರುಗಿದರೆ, ಅಮ್ಮ ಗೋಡೆಗೆ ಜಾರಿ ಕುಸಿಯುತ್ತಿದ್ದಳು. ಮೈ ಕೆಂಡ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ಅಂಗಳದ ಬೇವಿನ ನೆರಳಿಗೆ ಎಳೆದುಕೊಂಡು ಹೋದೆ. ಬಕೆಟ್ಟಿನ ನೀರು ತಂದು ಅರ್ಧ ಅವಳ ಮೈಮೇಲೆ ಹುಯ್ದೆ. ಪೆಟ್ಟಿಗೆಯ ಐಸನ್ನೆಲ್ಲ ಟವಲಿಗೆ ಸುರಿದು ಕುತ್ತಿಗೆಗೆ, ಕಂಕುಳಿಗೆ ಒತ್ತಿದೆ. ಅಮ್ಮಾ, ಅಮ್ಮಾ ಎಂದು ಕೂಗುತ್ತಿದ್ದುದು ನಾನೇ. ಕೊನೆಗೆ ಅವಳ ರೆಪ್ಪೆ ಅಲುಗಿತು. ಮೋಟುಗೋಡೆಯ ಮೇಲಿನ ಚೊಂಬು ತಂದೆ; ಅದು ಕಂಠದವರೆಗೆ ತುಂಬಿಯೇ ಇತ್ತು.

“ಕುಡಿಯಮ್ಮ. ಬೆಳಗಿಂದ ಯಾಕೆ ಕುಡೀಲಿಲ್ಲ?”

“ಅದು ಅಂಗೆ ಬೇಯ್ತಿದ್ರೆ ನನ್ನ ಗಂಟ್ಲಲ್ಲಿ ಎಂಗ್ಲೇ ಇಳೀತದೆ?” ದನಿ ಒಡೆದಿತ್ತು. “ಮೊದ್ಲು ಅದಕ್ಕೆ ಉಯ್ಯಿ ಓಗು.”

ಅಷ್ಟರಲ್ಲಿ ಡಾಕ್ಟರ ಬೈಕು ಬಾಗಿಲಿಗೆ ಬಂತು. ಸೂಜಿಯ ಡಬ್ಬಿ ಕೈಯಲ್ಲಿ ಹಿಡಿದೇ ಇಳಿದರು. ಅವರು ನೋಡುತ್ತಿದ್ದಂತೆಯೇ ಬಕೆಟ್ಟಿನಲ್ಲಿ ಉಳಿದ ನೀರನ್ನು ಹಸುವಿನ ಬೆನ್ನಿಗೆ ಸುರಿದೆ. ಮತ್ತೊಂದು ಬಕೆಟ್ ತಂದೆ, ಅದನ್ನೂ ಸುರಿದೆ.

ಹಸು ನಾಲಿಗೆ ಒಳಗೆಳೆದುಕೊಂಡ ಮೇಲೆಯೇ ಅಮ್ಮ ಚೊಂಬಿಗೆ ಬಾಯಿಟ್ಟದ್ದು.