ಸತತ ಗೆಲುವೆಂಬ ಸಂಕಟ

ದಿನಾ ಬೆಳಿಗ್ಗೆ ಐದಕ್ಕೆ ಎದ್ದು ನಾನು ಅಮೆರಿಕದವರ ಬೇಸ್‌ಬಾಲ್ ನೋಡುತ್ತೇನೆ. ಈ ಸಂಗತಿ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟು ಹೊತ್ತಿಗೇ ನಮ್ಮ ನಡುಮನೆಯಲ್ಲಿ ದೀಪ ಉರಿಯುವುದನ್ನು ಕಂಡ ಎದುರುಮನೆಯಾಕೆ ನಾನು ಧ್ಯಾನಕ್ಕೆ ಕೂರುತ್ತೇನೆಂದು ತಿಳಿದಿದ್ದಾರೆ. ತಮ್ಮ ಸೊಸೆಗೆ ನನ್ನನ್ನೇ ಮಾದರಿಯಾಗಿ ತೋರಿಸುತ್ತಾರಂತೆ. ಅರವತ್ತೊಂದು ವರ್ಷದ ಹೆಂಗಸು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು, ಕಾಫಿ ಲೋಟ ಹಿಡಿದು, ಫೋನಿನ ಮುಂದೆ ಬಗ್ಗಿ "ಓಡೋ, ಓಡೋ ಹಾಳಾದವನೇ" ಎಂದು ಪಿಸುಗುಡುವುದನ್ನು ಧ್ಯಾನ ಎನ್ನಬಹುದಾದರೆ ನನ್ನದೇನೂ ತಕರಾರಿಲ್ಲ.

ಈ ಚಟಕ್ಕೆ ಮೂಲ ಜಯನಗರದಲ್ಲಿ ನಾನು ಓದಿದ ಕಾಲೇಜು. ಅಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದೆ, ಎರಡನೇ ಬೇಸಿನ ಹತ್ತಿರ ನಿಲ್ಲುತ್ತಿದ್ದೆ. ನನ್ನ ಈಗಿನ ಆಕಾರ ನೋಡಿದವರು ಇದನ್ನು ನಂಬುವುದಿಲ್ಲ. ನಂಬಿಸುವ ಪ್ರಯತ್ನವನ್ನು ನಾನೂ ಬಿಟ್ಟಿದ್ದೇನೆ. ಬೇಸ್‌ಬಾಲ್ ಆ ಆಟದ ದೊಡ್ಡಣ್ಣ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಚೆಂಡಿಗೆ ಹೊಡೆದು, ಮನೆಯಿಂದ ಹೊರಟು, ಬೇಸ್ ಎಂಬ ಮೂರು ಮೂಲೆ ಮುಟ್ಟಿ, ಔಟಾಗದೆ ಮತ್ತೆ ಮನೆಗೆ ಬಂದು ಸೇರಬೇಕು. ಹೊರಟ ಜಾಗವನ್ನು ಅವರು ನಿಜಕ್ಕೂ ಮನೆ ಎಂದೇ ಕರೆಯುತ್ತಾರೆ. ಸಂಜೆ ಆರರ ಮೇಲೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಮನೆ ಸೇರುವ ಅಭ್ಯಾಸವಿದ್ದವರಿಗೆ ಈ ಆಟವನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ನಾನು ನೆಚ್ಚಿಕೊಂಡ ತಂಡದ ಹೆಸರು ಹೇಳುವುದಿಲ್ಲ. ಅವರ ಟೋಪಿಯ ಬಣ್ಣ ನಮ್ಮ ಕಾಲೇಜಿನ ಪಂದ್ಯದ ಅಂಗಿಯ ಬಣ್ಣವೇ ಆಗಿರುವುದನ್ನು ಬಿಟ್ಟರೆ ನನಗೂ ಅವರಿಗೂ ಬೇರೆ ಸಂಬಂಧವಿಲ್ಲ. ವರ್ಷಕ್ಕೆ ನೂರಾ ಅರವತ್ತೆರಡು ಪಂದ್ಯ, ಅಂದರೆ ಹೆಚ್ಚುಕಡಿಮೆ ದಿನಾ ಆಟ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋಲುವುದು ನಮ್ಮ ತಂಡದ ವಾಡಿಕೆ, ಅದಕ್ಕೆ ನಾನೂ ಹೊಂದಿಕೊಂಡಿದ್ದೆ. ಸೋತರೆ ಎದ್ದು ಹೋಗಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಈ ವರ್ಷ ಅವರಿಗೆ ಅದೇನಾಯಿತೋ, ಗೆಲ್ಲತೊಡಗಿದರು. ಸೋಮವಾರ ಗೆದ್ದರು, ಮಂಗಳವಾರ ಗೆದ್ದರು, ಒಂದು ವಾರ ಗೆದ್ದರು, ಎರಡನೇ ವಾರವೂ ಗೆಲ್ಲುತ್ತ ಹೋದರು. ನನಗೆ ಸಂಕಟ ಶುರುವಾಯಿತು.

ಆಮೇಲೆ ಪರದೆಯ ಮೇಲೆ ಒಂದು ಪಟ್ಟಿ ತೋರಿಸಲು ಹಿಡಿದರು. ಆ ತಂಡದ ಚರಿತ್ರೆಯಲ್ಲಿ ಅತಿ ಉದ್ದದ ಸತತ ಗೆಲುವುಗಳು ಯಾವುವು, ಯಾವ ವರ್ಷ, ಎಷ್ಟು ಪಂದ್ಯ ಎಂಬ ಪಟ್ಟಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು; ಪಟ್ಟಿ ಕಂಡರೆ ಕೊನೆಯ ಕಾಲಮಿನ ತನಕ ಓದದೆ ಬಿಡುವವಳಲ್ಲ. ಕೊನೆಯ ಕಾಲಮಿನಲ್ಲಿ ಆ ಗೆಲುವಿನ ಸರಪಳಿಯನ್ನು ಮುರಿದ ಎದುರಾಳಿಗಳ ಹೆಸರಿತ್ತು. ಪ್ರತಿ ಸಾಲಿನಲ್ಲೂ ಇತ್ತು. ಅಜ್ಜಂದಿರ ಕಾಲದ ಗೆಲುವಿಗೂ ಒಂದು ಹೆಸರು, ಮೊನ್ನೆ ಮೊನ್ನೆಯದಕ್ಕೂ ಒಂದು ಹೆಸರು. ಎಲ್ಲಕ್ಕಿಂತ ಕೆಳಗೆ ಈ ವರ್ಷದ ಸಾಲು, ಅದರ ಎದುರು ಮಾತ್ರ ಖಾಲಿ ಜಾಗ. ಆ ಖಾಲಿ ಜಾಗ ನೋಡುವಾಗ ನನ್ನ ಕಾಫಿ ತಣ್ಣಗಾಯಿತು.

ಗೆಲುವಿಗೆ ಹೆದರುವುದು ನನ್ನೊಬ್ಬಳ ಹುಚ್ಚೆಂದು ತಿಳಿಯಬೇಡಿ. ಆ ಆಟಗಾರರು ನಮ್ಮ ಅಜ್ಜಿಯರಿಗಿಂತ ಒಂದು ಕೈ ಮೇಲು. ಗೆಲ್ಲುತ್ತಿರುವಾಗ ಗಡ್ಡ ಬೋಳಿಸುವುದಿಲ್ಲ, ಕಾಲುಚೀಲ ಒಗೆಯುವುದಿಲ್ಲ, ಮೈದಾನಕ್ಕೆ ಇಳಿಯುವಾಗ ಸುಣ್ಣದ ಗೆರೆ ತುಳಿಯುವುದಿಲ್ಲ. ಎದುರಾಳಿಗೆ ಒಂದೂ ಹೊಡೆತ ಸಿಗದಂತೆ ಒಬ್ಬ ಚೆಂಡೆಸೆಯುತ್ತಿದ್ದರೆ ಅವನ ತಂಡದವರು ಅವನ ಪಕ್ಕ ಕೂರುವುದಿಲ್ಲ, ಆ ವಿಷಯ ಬಾಯಿಬಿಟ್ಟು ಆಡುವುದೂ ಇಲ್ಲ. ಮಗು ಗುಂಡುಗುಂಡಾಗಿದೆ ಎಂದವರ ಬೆನ್ನಿಗೇ ನಮ್ಮತ್ತೆ ನೆಟಿಗೆ ಮುರಿದು ಉಪ್ಪು ನಿವಾಳಿಸುತ್ತಿದ್ದರಲ್ಲ, ಅದೇ ಶಾಸ್ತ್ರ. ನಾವೂ ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಹೋಗಿ ಬರ್ತೀನಿ ಅನ್ನುತ್ತೇವೆ. ಒಳ್ಳೆಯದು ನಡೆಯುತ್ತಿರುವಾಗ ಅದನ್ನು ಎಬ್ಬಿಸಬಾರದು, ಎಣಿಸಬಾರದು, ಪಕ್ಕದಲ್ಲಿ ಮೆಲ್ಲಗೆ ನಡೆದು ಹೋಗಬೇಕು.

ಇಷ್ಟಕ್ಕೂ ನನ್ನ ಸಂಕಟಕ್ಕೆ ಆ ತಂಡ ಒಂದು ನೆಪ. ಸರಪಳಿ ನಮ್ಮ ಮನೆಯಲ್ಲೇ ಇನ್ನೊಂದಿತ್ತು.

ನನ್ನ ಗಂಡ ಸುಬ್ರಹ್ಮಣ್ಯಪುರದ ಹಳೆಯ ಮನೆತನದವರು. ಅವರ ತಂದೆ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ನಾವಿದ್ದೇವೆ, ನಮ್ಮ ತಲೆಯ ಮೇಲೆ ಮೂವರು ಬಾಡಿಗೆದಾರರಿದ್ದಾರೆ. ಎರಡು ವರ್ಷಕ್ಕೂ ಹಿಂದೆ ನನ್ನ ಗಂಡನ ಮೂತ್ರದಲ್ಲಿ ರಕ್ತ ಕಾಣಿಸಿತು. ಮೂತ್ರಕೋಶದಲ್ಲಿ ಗಡ್ಡೆ, ಒಳ್ಳೆಯ ಜಾತಿಯದಲ್ಲ ಎಂದರು ಡಾಕ್ಟರು. ಅದನ್ನು ತೆಗೆದು ಹಾಕಿ, ಇನ್ನು ಮೂರು ತಿಂಗಳಿಗೊಮ್ಮೆ ಸಣ್ಣ ಕೊಳವೆ ಬಿಟ್ಟು ಒಳಗೆ ನೋಡುತ್ತಿರಬೇಕು ಎಂದು ಹೇಳಿ ಕಳಿಸಿದರು. ಅಲ್ಲಿಂದ ಎಂಟು ಸಲ ನೋಡಿದ್ದಾರೆ. ಎಂಟು ಸಲವೂ ಒಳಗೆ ಏನೂ ಇರಲಿಲ್ಲ.

ಮೊದಲ ಸಲ ಏನೂ ಇಲ್ಲ ಎಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಿದ್ದೆ. ಎರಡನೇ ಸಲ ಸಂತೋಷವಾಯಿತು. ಐದನೆಯದರಿಂದ ಮಾತ್ರ ಭಯ ಬೆಳೆಯುತ್ತ ಬಂತು. ಮೊದಲ ದಿನ ಉಟ್ಟಿದ್ದ ಗಿಳಿಹಸಿರು ಸೀರೆಯನ್ನೇ ಪ್ರತಿ ಸಲ ಉಡುತ್ತಿದ್ದೆ. ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿಯ ಪಕ್ಕದ ಮೂರನೇ ಕುರ್ಚಿಯಲ್ಲೇ ಕೂರುತ್ತಿದ್ದೆ. ಏಳನೇ ಸಲ ಹೋದಾಗ ಅಲ್ಲಿ ಯಾರೋ ದೊಡ್ಡ ಮನುಷ್ಯರು ಪೇಪರ್ ಹರಡಿಕೊಂಡು ಕೂತಿದ್ದರು. ಸುತ್ತ ಹತ್ತು ಕುರ್ಚಿ ಖಾಲಿ ಇದ್ದವು.

"ಸಾರ್, ಸ್ವಲ್ಪ ಆ ಕಡೆ ಕೂತ್ಕೋತೀರಾ? ನನಗೆ ಮೊಣಕಾಲು ನೋವು" ಎಂದೆ.

ಅವರು ಖಾಲಿ ಕುರ್ಚಿಗಳನ್ನೂ ನನ್ನ ಮೊಣಕಾಲನ್ನೂ ಒಮ್ಮೆ ನೋಡಿ, ಏನೂ ಅರ್ಥವಾಗದೆ, ಪಾಪ ಎದ್ದರು. ನಾಣ್ಯಕ್ಕೆ ನೆನಪಿನ ಶಕ್ತಿಯಿಲ್ಲ, ಚಿಮ್ಮಿದಾಗ ಎಂಟು ಸಲ ತಲೆ ಬಿದ್ದರೂ ಒಂಬತ್ತನೇ ಸಲ ಅದಕ್ಕೆ ತಲೆಯೂ ಬಾಲವೂ ಒಂದೇ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವಳು ನಾನೇ. ಆ ಮಕ್ಕಳಲ್ಲಿ ಒಬ್ಬರಾದರೂ ಅಂದು ಆ ಕೋಣೆಯಲ್ಲಿ ಇರಲಿಲ್ಲವೆಂಬುದು ನನ್ನ ಪುಣ್ಯ.

ನಮ್ಮವರ ರೀತಿಯೇ ಬೇರೆ. ಮೇಲಿನ ಮನೆಯ ಹುಡುಗಿ ನೀರಿನ ಮೋಟಾರ್ ಹಾಕಲು ಬಂದು ಹೇಗಿದೀರ ಅಂಕಲ್ ಎಂದರೆ ಸಾಕು, "ಎಂಟಕ್ಕೆ ಎಂಟು ಕ್ಲಿಯರ್ ಕಣಮ್ಮ! ಒಂಬತ್ನೇದು ಮುಂದಿನ ಮಂಗಳವಾರ" ಎಂದು ಬೀದಿಗೆ ಕೇಳುವಂತೆ ಸಾರುತ್ತಾರೆ. ಒಳಗೆ ಒಲೆಯ ಮುಂದೆ ನನ್ನ ಕೈಯ ಸೌಟು ನಿಲ್ಲುತ್ತದೆ.

ಆ ಮಂಗಳವಾರಕ್ಕೆ ಐದು ದಿನ ಇದ್ದಾಗ ಅಮೆರಿಕದಲ್ಲಿ ಮಳೆ ಬಂತು. ನಮ್ಮ ತಂಡದವರು ದಾಖಲೆಯ ಹೊಸ್ತಿಲಲ್ಲಿದ್ದರು, ಇನ್ನೆರಡು ಗೆದ್ದರೆ ಹಳೆಯ ಲೆಕ್ಕ ಸರಿಸಮ. ಮೈದಾನಕ್ಕೆ ದೊಡ್ಡ ಟಾರ್ಪಾಲು ಹೊದಿಸಿದರು, ಒಂದು ಗಂಟೆ ಕಾದರು, ಪಂದ್ಯವನ್ನು ಮುಂದಕ್ಕೆ ಹಾಕಿದರು. ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ, ಸರಪಳಿ ಇದ್ದಲ್ಲೇ ಇತ್ತು. ಆಡದಿದ್ದರೆ ಸೋಲುವುದೆಲ್ಲಿಂದ ಬಂತು? ಎಷ್ಟು ಸರಳ ಉಪಾಯ ಎನಿಸಿತು. ನನ್ನ ಗಂಡ ಬೆಳಗಿನ ವಾಕಿಂಗಿಗೆ ಹೊರಟ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಮನೆಯಲ್ಲಿ ಒಂದು ಫಂಕ್ಷನ್ ಇದೆ ಎಂದು ಸುಳ್ಳು ಹೇಳಿ, ಪರೀಕ್ಷೆಯನ್ನು ಎರಡು ವಾರ ಮುಂದಕ್ಕೆ ಹಾಕಿಸಿದೆ. ಅವರು ಬಂದಾಗ, "ರೀ, ಡಾಕ್ಟ್ರು ಊರಲ್ಲಿಲ್ವಂತೆ, ಡೇಟ್ ಬದಲಾಯ್ತು" ಎಂದೆ. ಅವರು ಚಪ್ಪಲಿ ಬಿಡುತ್ತ ಹೌದಾ ಎಂದರು, ಅಷ್ಟೇ.

ಮೊದಲ ಎರಡು ದಿನ ಎಷ್ಟು ಹಗುರವಾಗಿತ್ತೆಂದರೆ ಹಾಡು ಗುನುಗಿಕೊಂಡು ಪಾತ್ರೆ ತೊಳೆದೆ. ಮೂರನೇ ದಿನದಿಂದ ಅವರ ಮುಖ ನೋಡುವುದು ಕಷ್ಟವಾಯಿತು. ಅವರು ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು ಕಿವಿಗೊಡುತ್ತಿದ್ದೆ. ನೀರು ಕಡಿಮೆ ಕುಡಿದರೆ ಬೈಯುತ್ತಿದ್ದೆ, ಹೆಚ್ಚು ಕುಡಿದರೆ ಯಾಕೆ ಇಷ್ಟು ಬಾಯಾರಿಕೆ ಎಂದು ವಿಚಾರಣೆ ಮಾಡುತ್ತಿದ್ದೆ. ಗಡ್ಡೆಯೇನಾದರೂ ಮತ್ತೆ ಬಂದಿದ್ದರೆ ಅದಕ್ಕೆ ಮಳೆಯ ಕಾನೂನು ಗೊತ್ತಿರುವುದಿಲ್ಲ, ಟಾರ್ಪಾಲಿನ ಕೆಳಗೇ ಬೆಳೆಯುತ್ತಿರುತ್ತದೆ. ಇದು ತಿಳಿಯಲು ಗಣಿತವೇ ಬೇಕಿಲ್ಲ. ಆದರೂ ಫೋನ್ ಎತ್ತಿ ಹಳೆಯ ತಾರೀಖು ಕೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ನಮ್ಮ ತಂಡ ದಾಖಲೆಯನ್ನು ಸರಿಗಟ್ಟಿತು, ಮಾರನೆಯ ದಿನ ಮುರಿಯಿತು. ಈಗ ಆ ಸಾಲು ಪಟ್ಟಿಯ ಮೇಲಕ್ಕೇರಿ ಕೂತಿತು. ಅದಾದ ಮೇಲೂ ಕೆಲವು ಗೆದ್ದು, ಹೊಸ ತಾರೀಖಿನ ಪರೀಕ್ಷೆಗೆ ಮೂರು ದಿನ ಉಳಿದಿದ್ದಾಗ, ಅವರು ಸೋತರು. ಸೋತದ್ದಾದರೂ ಹೇಗೆ? ಏಳು ವರ್ಷದ ಮಗುವೂ ಹಿಡಿಯಬಹುದಾದ ಚೆಂಡು ಎರಡನೇ ಬೇಸಿನವನ ಕಾಲ ನಡುವೆ ಉರುಳಿಕೊಂಡು ಹೋಯಿತು. ನಾನೂ ಆ ಜಾಗದಲ್ಲಿ ನಿಂತು ಎಷ್ಟೋ ಸಲ ಹಾಗೆ ಬಿಟ್ಟವಳು, ಅವನನ್ನು ಬೈಯಲು ಬಾಯಿ ಬರಲಿಲ್ಲ. ಇದು ಅಪಶಕುನವೇ ಸರಿ, ಈ ವಾರ ಆಸ್ಪತ್ರೆಗೆ ಹೋಗಲೇಬಾರದು ಎಂದುಕೊಂಡು ಆಸ್ಪತ್ರೆಯ ನಂಬರನ್ನು ಹುಡುಕಿಟ್ಟುಕೊಂಡೆ. ನನ್ನ ಗಂಡ ಆ ದಿನವೆಲ್ಲ ಟ್ಯಾಂಕ್ ತೊಳೆಸುತ್ತ ಮನೆಯಲ್ಲೇ ಇದ್ದುದರಿಂದ ಫೋನ್ ಮಾಡಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ತಂಡದವರು ಮತ್ತೆ ಆಡುತ್ತಿದ್ದಾರೆ! ಆಡದೆ ಏನು ಮಾಡಿಯಾರು, ದಿನಾ ಆಟವಿದೆ. ಆದರೆ ನನಗೆ ಅದು ಅನ್ಯಾಯವೆನಿಸಿತು. ಒಂದು ದಿನವಾದರೂ ಶೋಕ ಆಚರಿಸಬಾರದೇ? ಚೆಂಡು ಬಿಟ್ಟವನು ಅದೇ ಜಾಗದಲ್ಲಿ ನಿಂತು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತಿದ್ದ. ಅವನ ಮುಖದಲ್ಲಿ ದಾಖಲೆಯ ಗರ್ವವೂ ಇರಲಿಲ್ಲ, ಸೋಲಿನ ಸೂತಕವೂ ಇರಲಿಲ್ಲ. ಮುಂದಿನ ಚೆಂಡು ತನ್ನ ಕಡೆ ಬಂದೀತೆಂದು ಮಂಡಿ ಬಗ್ಗಿಸಿ ಕಾಯುತ್ತಿದ್ದ. ನಾನು ಫೋನ್ ಮಗುಚಿಟ್ಟೆ. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ನನ್ನ ಗಂಡ ಎದ್ದು ಬಂದು ಕಾಫಿಗೆ ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಮಳೆ, ಟಾರ್ಪಾಲು, ಇಲ್ಲದ ಫಂಕ್ಷನ್ ಎಲ್ಲ. ಹೇಳುವಾಗ ಅಳು ಬಂತು.

ಅವರು ಲೋಟ ಕೆಳಗಿಟ್ಟರು. "ಗೊತ್ತಿತ್ತು ಕಣೆ ಟೀಚರಮ್ಮ. ಆಸ್ಪತ್ರೆ ಮೆಸೇಜ್ ಬರೋದು ನನ್ನ ಫೋನಿಗೆ ತಾನೆ? 'ನಿಮ್ಮ ಕೋರಿಕೆಯಂತೆ ಮುಂದೂಡಲಾಗಿದೆ' ಅಂತ ಅವತ್ತೇ ಬಂತು."

"ಮತ್ತೆ ಯಾಕೆ ಸುಮ್ನಿದ್ರಿ?"

ಅವರು ಲೋಟವನ್ನು ಮತ್ತೆ ಎತ್ತಿಕೊಂಡರು. "ನನಗೇನು ಆಸೆನಾ ಹೋಗೋಕೆ? ನೀನೇ ಮುಂದಕ್ಕೆ ಹಾಕಿದ್ಯಲ್ಲ, ಒಳ್ಳೇದೇ ಆಯ್ತು ಅನ್ಕೊಂಡೆ."

ಬೀದಿಗೆಲ್ಲ ಎಂಟಕ್ಕೆ ಎಂಟು ಎಂದು ಸಾರುತ್ತಿದ್ದ ಮನುಷ್ಯ ಎರಡು ವಾರದಿಂದ ನನ್ನಷ್ಟೇ ಹೆದರಿ, ನನ್ನ ಸುಳ್ಳಿನ ನೆರಳಲ್ಲಿ ಕೂತಿದ್ದರು. ನಾನು ಬಚ್ಚಲ ಬಾಗಿಲಾಚೆ ನಿಂತು ಕೇಳುತ್ತಿದ್ದಾಗ ಅವರು ಒಳಗೆ ನಿಂತು ಬಣ್ಣ ನೋಡಿಕೊಳ್ಳುತ್ತಿದ್ದರಂತೆ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹೆದರಿದ್ದೆವು.

ಹೊಸ ತಾರೀಖಿನ ಮಂಗಳವಾರ ಹೋದೆವು. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಪರದೆಯ ಮೇಲೆ ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು. ಸಾಸಿವೆಗಿಂತ ತುಸು ದೊಡ್ಡದು.

"ಮತ್ತೆ ಬಂದಿದೆ. ಸಣ್ಣದು, ಮೇಲ್ಮೇಲೆ ಇದೆ. ಇದರ ಸ್ವಭಾವವೇ ಹೀಗೆ, ಬಂದಾಗೆಲ್ಲ ತೆಗೀತಾ ಹೋಗ್ತೀವಿ. ಹದಿನೈದು ದಿನದಲ್ಲಿ ಅಂಥದ್ದೇನೂ ಆಗಿಲ್ಲ. ಆದ್ರೆ ಮೇಡಂ, ಆರು ತಿಂಗಳು ಬಿಟ್ಟು ಬಂದಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು."

ಎರಡು ವರ್ಷದಿಂದ ನಾನು ಕನಸಿನಲ್ಲೂ ಹೆದರುತ್ತಿದ್ದ ಮಾತು ಬಂದೇಬಿಟ್ಟಿತ್ತು. ಆಗಬಾರದ್ದು ಆಗಿಹೋಗಿತ್ತು, ಆದರೂ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ನಮ್ಮವರು ನನ್ನ ಪಕ್ಕದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಸರಿ, ಈ ಸಲ ಸೋತ್ವಿ" ಎಂದರು ಅವರು. "ಇದನ್ನ ತೆಗೆಯೋದು ಯಾವತ್ತು ಸಾರ್?"

"ಶುಕ್ರವಾರ ಬನ್ನಿ. ಒಂದು ದಿನ ಇದ್ರೆ ಸಾಕು."

"ಆಮೇಲೆ ಮತ್ತೆ ನೋಡೋದು?"

"ಮೂರು ತಿಂಗಳಿಗೆ."

ಎರಡೂ ತಾರೀಖನ್ನು ನಾನೇ ಬರೆದುಕೊಂಡೆ. ಅಕ್ಷರ ಸೊಟ್ಟಗಾಯಿತು. ಭಯ ಹೋಯಿತೆಂದರೆ ಸುಳ್ಳಾಗುತ್ತದೆ. ಅದು ನನ್ನ ಜೊತೆಯಲ್ಲೇ ಎದ್ದು, ನನ್ನ ಜೊತೆಯಲ್ಲೇ ಬಾಗಿಲು ದಾಟಿತು. ಔಷಧದ ಚೀಟಿ ಮಡಚಿಕೊಂಡು ಹೊರಗೆ ಬಂದು ನೋಡಿದರೆ ಇವರು ಕಾಣಲಿಲ್ಲ. ಅತ್ತಿತ್ತ ಹುಡುಕಿದೆ. ಎರಡು ವರ್ಷ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಎಂಟು ಎಂಬ ಸಂಖ್ಯೆಯನ್ನು. ಆ ಸಂಖ್ಯೆಯ ಹಿಂದಿದ್ದ ನನ್ನ ಗಂಡ ಮಾತ್ರ ಕೆಳಗೆ ಕ್ಯಾಂಟೀನಿನಲ್ಲಿ, ನನಗೊಂದು ಕುರ್ಚಿ ಎಳೆದಿಟ್ಟು, ಎರಡು ಪ್ಲೇಟ್ ವಡೆ ಸಾಂಬಾರ್ ಹೇಳಿ ಕೂತಿದ್ದರು.