ಸ್ವಿಚ್ಚಿಲ್ಲದ ಬಲ್ಬು

ನಮ್ಮಣ್ಣ ಶೀನ ಸಾಲಿಗ್ರಾಮ, ಕೋಟ, ಬಾರ್ಕೂರು ಸುತ್ತಿನಲ್ಲಿ ಮೂವತ್ತೆಂಟು ವರ್ಷ ವಯರಿಂಗ್ ಕೆಲಸ ಮಾಡಿದವನು. ಕೆಲಸಕ್ಕೆ ಎಷ್ಟು ಹೆಸರೋ ಬೈಗುಳಕ್ಕೂ ಅಷ್ಟೇ. ಯಾರಾದರೂ ಫೋನು ಮಾಡಿ ಕರೆಂಟು ಹೋಯಿತು ಅಂದರೆ ಸಾಕು, ಅಲ್ಲಿಂದಲೇ ಶುರು.

"ಪಕ್ಕದ್ ಮನೀಗ್ ಇತ್ತಾ ಕಂಡ್ರ್ಯಾ? ಕಾಣ್ಲಿಲ್ಲೆ ಅಲ್ದಾ? ಮೊದ್ಲ್ ಅದ್ ಕಾಣಿ ಮಾರಾಯ್ರೆ, ಮತ್ತ್ ಫೋನ್ ಮಾಡಿ."

ಆಮೇಲೆ ಪಾಠ. ಕಾಲಿಗೆ ಚಪ್ಪಲಿ ಹಾಕಬೇಕು, ಕೈ ಒಣಗಿರಬೇಕು. ಗೋಡೆ ಒದ್ದೆಯಿದ್ದರೆ ಬೋರ್ಡಿನ ಹತ್ತಿರ ಸುಳಿಯಬಾರದು. ಮನೆಯ ಸ್ವಿಚ್ಚೆಲ್ಲ ಆಫ್ ಮಾಡಿ, ಮಿಕ್ಸಿ, ಫ್ರಿಜ್ಜು, ಪಂಪಿನ ಪ್ಲಗ್ಗೆಲ್ಲ ಕಿತ್ತು, ಆಮೇಲೆ ಬಿದ್ದಿರುವ ಟ್ರಿಪ್ ಸ್ವಿಚ್ಚನ್ನು ಮೇಲೆತ್ತಬೇಕು. ನಿಂತರೆ ಒಂದೊಂದೇ ಹಾಕುತ್ತ ಬರಬೇಕು. ಯಾವುದನ್ನು ಹಾಕಿದಾಗ ಮತ್ತೆ ಟಪ್ ಅಂತ ಬೀಳುತ್ತದೋ ಅದರಲ್ಲಿ ತೊಂದರೆ. ಅದೊಂದನ್ನು ಬಿಟ್ಟು ಉಳಿದದ್ದನ್ನು ಉಪಯೋಗಿಸುತ್ತ ಇರಿ, ಪುರುಸೊತ್ತಾದಾಗ ಬರುತ್ತೇನೆ ಅನ್ನುತ್ತಿದ್ದ. ಅರ್ಧ ಊರಿನ ಹೆಂಗಸರಿಗೆ ಇದು ಬಾಯಿಪಾಠ. ಅವನ ಮನೆಯಲ್ಲಿ ಮಾತ್ರ ಯಾರೂ ಬೋರ್ಡು ಮುಟ್ಟುವಂತಿರಲಿಲ್ಲ. ನಾನಿಲ್ಲವಾ, ನಿಮಗೆಂತ ಕೆಲಸ ಅಲ್ಲಿ ಅಂತ ಅತ್ತಿಗೆಯನ್ನು ಗದರಿಸುತ್ತಿದ್ದ.

ಇಂಥವನು ಜೀವಮಾನದಲ್ಲಿ ಒಂದೇ ಒಂದು ತಪ್ಪು ಕೆಲಸ ಮಾಡಿದ, ಅದೂ ಅತ್ತಿಗೆಯ ಹಟಕ್ಕೆ. ಹನ್ನೊಂದು ವರ್ಷದ ಹಿಂದೆ ಒಂದು ತೋಟದ ಪಂಪಿನಲ್ಲಿ ಶಾಕ್ ಹೊಡೆದು ಅವನು ಆಸ್ಪತ್ರೆ ಸೇರಿದ್ದ. ಬದುಕಿ ಬಂದರೆ ದೇವರ ಮುಂದಿನ ದೀಪವನ್ನು ಯಾರ ಕೈಯಿಂದಲೂ ಆರಿಸಗೊಡುವುದಿಲ್ಲ ಎಂದು ಗೋಮತಿ ಅತ್ತಿಗೆ ಹರಕೆ ಹೊತ್ತಳು. ಬದುಕಿ ಬಂದ. ಹರಕೆ ಅಂದಮೇಲೆ ಮುಗಿಯಿತಲ್ಲ. ದೇವರ ಕೋಣೆಯಲ್ಲಿ ಒಂದು ಕೆಂಪು ಬಲ್ಬು, ಅದಕ್ಕೆ ಸ್ವಿಚ್ಚೇ ಇರಕೂಡದು, ಸ್ವಿಚ್ಚಿದ್ದರೆ ಯಾರಾದರೂ ಆರಿಸುತ್ತಾರೆ. ಅಣ್ಣ ಎರಡು ದಿನ ಬೈದ, ಮೂರನೆಯ ದಿನ ಬಾಗಿಲು ಹಾಕಿಕೊಂಡು ಬೋರ್ಡಿನಿಂದ ಗೋಡೆಯೊಳಗೆ ನೇರ ವಯರು ಎಳೆದು ಬಲ್ಬು ಹಚ್ಚಿದ. ಯಾರಿಗಾದರೂ ಹೇಳಿದರೆ ಜಾಗ್ರತೆ, ಊರಲ್ಲಿ ನನ್ನ ಮರ್ಯಾದೆ ಉಳಿಯುವುದಿಲ್ಲ ಎಂದಿದ್ದನಂತೆ. ಅವಳು ನನಗೂ ಹೇಳಿರಲಿಲ್ಲ. ಅವಳ ಮಟ್ಟಿಗೆ ಅದು ಕರೆಂಟಿನ ವಸ್ತುವೇ ಅಲ್ಲ, ದೇವರು.

ಹೋದ ವರ್ಷ ದೀಪಾವಳಿಯ ಮರುವಾರ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಊರನ್ನೆಲ್ಲ ಬೈದ ಬಾಯಿಯಲ್ಲಿ ಈಗ "ಆಂ, ಆಂ" ಒಂದೇ. ಬುದ್ಧಿ ಮಾತ್ರ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ನಾವು ಕೇಳಿಸಿಕೊಂಡೆವು, ಅಷ್ಟೇ. ಮಾತಿಲ್ಲದವನ ಹತ್ತಿರ ಎಂತ ಕೇಳುವುದು ಅಂತ ಅವನ ವಿಷಯವನ್ನೂ ಅವನ ತಲೆಯ ಮೇಲಿಂದ ನಾವೇ ಮಾತಾಡಿಕೊಳ್ಳುತ್ತಿದ್ದೆವು. ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ಅಂಗೈಯಗಲದ ಹುಣ್ಣು, ಎಲುಬು ಕಾಣುತ್ತಿತ್ತು. ಮೋಟಾರಿನಿಂದ ಗಾಳಿ ತುಂಬುತ್ತ ಇರುವ ಹಾಸಿಗೆ ತಂದು, ಅತ್ತಿಗೆ ದಿನಾ ತೊಳೆದು ಮದ್ದು ಹಾಕಿ, ನಾಲ್ಕು ತಿಂಗಳಿಗೆ ಅದು ಮಾಯಿತು. ಮನೆಗೆ ಬರುವ ನರ್ಸ್ ಕ್ಷಮಾ ಬೆರಳೆತ್ತಿ ಹೇಳಿ ಹೋಗಿದ್ದಳು, ಹೊಸ ಚರ್ಮ ಇದು, ಒಂದು ಹೊತ್ತು ಹಾಸಿಗೆಯ ಗಾಳಿ ಹೋದರೂ ಮತ್ತೆ ಬಾಯಿ ಬಿಡುತ್ತದೆ, ಈ ಸಲ ಬಿಟ್ಟರೆ ಅವರ ದೇಹಕ್ಕೆ ತಡೆಯುವ ಶಕ್ತಿ ಇಲ್ಲ ಅಂತ.

ಜೂನ್ ತಿಂಗಳ ಎರಡನೆಯ ವಾರ ನಾನು ಬಾರ್ಕೂರಿನಿಂದ ಅವನನ್ನು ನೋಡಲು ಹೋಗಿದ್ದೆ. ಬೆಳಿಗ್ಗೆ ಹತ್ತೂವರೆಗೆ ಟಪ್ ಅಂತ ಶಬ್ದ ಬಂದು ಕರೆಂಟು ಹೋಯಿತು. ಹಾಸಿಗೆಯ ಮೋಟಾರು ನಿಂತಿತು. ಇನ್ವರ್ಟರ್ ಇಲ್ಲವಾ ಎಂದು ಕೇಳಬೇಡಿ, ಅದರ ಬ್ಯಾಟರಿ ಸತ್ತು ಐದಾರು ತಿಂಗಳಾಗಿತ್ತು, ನೋಡಿಕೊಳ್ಳುವವನೇ ಮಲಗಿದ್ದನಲ್ಲ. ತೋಡಿನ ಆಚೆಯ ಪದ್ದುವಿನ ಮನೆಗೆ ಕೂಗಿ ಕೇಳಿದೆ.

"ಹ್ವಾಯ್ ಪದ್ದು, ನಿಮ್ಗ್ ಕರೆಂಟ್ ಇತ್ತಾ?"

"ಇತ್ತಲೆ!"

ಅವರಿಗೆ ಇದೆ ಅಂದರೆ ತೊಂದರೆ ನಮ್ಮ ಮನೆಯಲ್ಲೇ. ಅಲ್ಲಿಂದ ವಯರು ಎಳೆಯೋಣವೆಂದರೆ ನಡುವೆ ಮಳೆನೀರು ತುಂಬಿ ಹರಿಯುವ ತೋಡು, ಅಷ್ಟುದ್ದದ ವಯರೂ ಇಲ್ಲ. ಕೋಟದ ಎಲೆಕ್ಟ್ರಿಷಿಯನ್ ರೂಪೇಶನಿಗೆ ಫೋನು ಮಾಡಿದೆ.

"ನಾನ್ ಬೈಂದೂರಂಗ್ ಇದ್ದೆ ಅಕ್ಕ. ಹೊರ್ಡುಕೆ ಆತಿಲ್ಲೆ, ಮಧ್ಯಾಹ್ನ ಮೇಲ್ ಬತ್ತೆ. ಅಷ್ಟೊತ್ತಿಗ್ ಶೀನಣ್ಣ ಹೇಳ್ಕೊಟ್ಟಂಗ್ ಮಾಡಿ ಕಾಣಿ."

ಮಾಡಿದೆವು. ಚಪ್ಪಲಿ ಹಾಕಿಕೊಂಡೆ, ಸೆರಗಿನಲ್ಲಿ ಕೈ ಒರೆಸಿಕೊಂಡೆ. ಅತ್ತಿಗೆ ಒಂದೊಂದೇ ಕೋಣೆಗೆ ಹೋಗಿ ಸ್ವಿಚ್ಚು ಆಫ್ ಮಾಡಿ ಬಂದಳು. ಫ್ರಿಜ್ಜು, ಟಿವಿ, ಗ್ರೈಂಡರ್, ಪಂಪು ಎಲ್ಲ ಕಿತ್ತಳು.

"ಎಲ್ಲಾ ಆಫ್ ಮಾಡಿದ್ಯಾ ಅತ್ಗೆ?"

"ಮಾಡಿದೆ ಜಲಜ, ಇನ್ನೆಂತದೂ ಇಲ್ಲೆ."

ಎತ್ತಿದೆ. ಟಪ್. ಮತ್ತೆ ಎತ್ತಿದೆ. ಟಪ್. ಏಳೆಂಟು ಸಲ ಎತ್ತಿರಬೇಕು. ಎಲ್ಲ ಆಫಿದ್ದೂ ಬೀಳುತ್ತದೆಂದರೆ ಇನ್ನೇನು ಮಾಡಬೇಕು ಅಂತ ಅಣ್ಣನ ಪಾಠದಲ್ಲಿ ಇರಲಿಲ್ಲ. ಹಾಸಿಗೆ ಕುಸಿಯುತ್ತ ಬಂತು. ಇಬ್ಬರೂ ಸೇರಿ ಅವನನ್ನು ಎಡಕ್ಕೆ ತಿರುಗಿಸಿದೆವು, ಅರ್ಧ ಗಂಟೆ ಬಿಟ್ಟು ಬಲಕ್ಕೆ. ಎತ್ತರದ ಗಂಡಸು, ನನಗೆ ಸೊಂಟನೋವು, ಅತ್ತಿಗೆಗೆ ಅರವತ್ತು ದಾಟಿದೆ. ಎಷ್ಟು ಹೊತ್ತು ಸಾಧ್ಯ ಹೇಳಿ? ಹನ್ನೆರಡರ ಹೊತ್ತಿಗೆ ಬೆನ್ನಿನ ಹೊಸ ಚರ್ಮ ಕೆಂಪಗಾಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು, ಆ ಬೋರ್ಡಿಗೆ ಒನಕೆ ತಗೊಂಡು ಬಡಿಯಬೇಕು ಅನ್ನಿಸಿತು.

ಆಗ ಅಣ್ಣ ಎಡಗೈ ಎತ್ತಿದ. "ಆಂ, ಆಂ" ಎಂದ.

ನೀರು ತಂದೆವು, ಬೇಡ. ಉಚ್ಚೆಗಾ ಎಂದು ಕೇಳಿದೆವು, ಅಲ್ಲ. ಗಂಜಿಯೂ ಅಲ್ಲ. ಕೈ ಚಾವಡಿಯ ಆಚೆ ದೇವರ ಕೋಣೆಯ ಕಡೆಗೇ ಹೋಗುತ್ತಿತ್ತು. ಕಣ್ಣು ಇಷ್ಟಗಲ ಮಾಡಿ, ಕುತ್ತಿಗೆಯ ನರ ಉಬ್ಬಿಸಿ, "ಆಂ! ಆಂ!" ಎಂದು ಕೂಗುತ್ತಿದ್ದ. ಅತ್ತಿಗೆ ಆ ಕಡೆ ನೋಡಿದಳು, ಅವನನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

"ಜಲಜ, ಇವ್ರ್ ದೇವ್ರ್ ಕೋಣಿ ತೋರ್ಸ್ತ್ರ್. ಹೊತ್ತ್ ಬಂತ್ ಕಾಣ್."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಾನೂ ಹೌದೆಂದುಕೊಂಡೆ. ಇವನಿಗೆ ಗೊತ್ತಾಗಿರಬೇಕು, ಹೋಗುವವರಿಗೆ ಗೊತ್ತಾಗುತ್ತದಂತೆ ಅಂತ ಅನ್ನಿಸಿಬಿಟ್ಟಿತು. ಓಡಿಹೋಗಿ ಅಂಗಳದಿಂದ ತುಳಸಿ ತಂದೆ. ಅತ್ತಿಗೆ ಎಣ್ಣೆದೀಪ ಹಚ್ಚಿ ಅವನ ತಲೆಯ ಬದಿಗೆ ಇಟ್ಟಳು. ಚಮಚದಲ್ಲಿ ನೀರು, ಅದಕ್ಕೆ ತುಳಸಿ ಎಸಳು. "ದೇವ್ರ್ ಹೆಸ್ರ್ ಹೇಳ್ಕಣಿ, ಮನ್ಸಂಗಾರೂ ಹೇಳ್ಕಣಿ" ಎಂದು ಅಳುತ್ತ ಬಾಯಿಗೆ ಬಿಟ್ಟಳು. ನಾನೂ ಒಂದು ಚಮಚ ಬಿಟ್ಟೆ. ಅಣ್ಣ ಉಗಿದ. ತಲೆ ಆಚೆ ಈಚೆ ಆಡಿಸಿದ. ಅತ್ತಿಗೆ ಅವನ ಗಲ್ಲ ಹಿಡಿದು ಮತ್ತೊಂದು ಚಮಚ ಬಿಟ್ಟಳು. ಅವನು ಕೈ ಕೆಳಗಿಳಿಸಿದ. ಆಮೇಲೆ ಕೂಗಲಿಲ್ಲ, ತೋರಿಸಲಿಲ್ಲ, ಸುಮ್ಮನೆ ಜಂತಿ ನೋಡುತ್ತ ಮಲಗಿದ. ಕಣ್ಣಿನಿಂದ ಕಿವಿಯ ಕಡೆಗೆ ನೀರು ಇಳಿಯುತ್ತಿತ್ತು. ನಾವು ಎರಡು ಬದಿಗೆ ಕೂತು ಭಜನೆ ಹೇಳಿದೆವು. ತಿರುಗಿಸಿ ಮಲಗಿಸುವುದನ್ನೂ ಬಿಟ್ಟೆವು. ಇನ್ನು ನೋಯಿಸುವುದು ಯಾಕೆಂದು.

ಎರಡೂವರೆಗೆ ರೂಪೇಶ ಬಂದ. ದೀಪ ನೋಡಿ ಬಾಗಿಲಲ್ಲೇ ನಿಂತ. ಅಣ್ಣನ ಉಸಿರಾಟ ನೋಡಿದ, ನಮ್ಮನ್ನು ನೋಡಿದ, ಬೋರ್ಡಿಗೆ ಹೋದ. ಸ್ವಲ್ಪ ಹೊತ್ತು ಟೆಸ್ಟರ್ ಹಿಡಿದು ನೋಡಿ, ತಲೆ ಕೆರೆದುಕೊಂಡು ಬಂದು ಅಣ್ಣನ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಶೀನಣ್ಣ, ಎಲ್ಲಾ ಆಫ್ ಇದ್ರೂ ಬೀಳತ್ತಲೆ. ಎಲ್ಲಿ ಲೀಕ್ ಆಪ್ದ್? ನಿಮ್ಗ್ ಗೊತ್ತಿತ್ತಾ?"

ನಾಲ್ಕು ಗಂಟೆಯಲ್ಲಿ ನಮ್ಮಿಬ್ಬರಲ್ಲಿ ಒಬ್ಬಳೂ ಕೇಳದಿದ್ದ ಮಾತು. ಅಣ್ಣ ನಿಧಾನಕ್ಕೆ ಎಡಗೈ ಎತ್ತಿ ದೇವರ ಕೋಣೆ ತೋರಿಸಿದ. ರೂಪೇಶ ಎದ್ದು ಹೋದ. ಬಲ್ಬಿನ ಹಿಂದಿನ ಗೋಡೆಗೆ ಕೈಯ ಹಿಂಬದಿ ತಾಗಿಸಿ ನೋಡಿದ, ಮಳೆಯ ನೀರು ಇಳಿದು ತಣ್ಣಗಿತ್ತು, ಕರೆಂಟು ಸೋರುವುದು ಅಲ್ಲೇ. ಆ ವಯರನ್ನು ಬೋರ್ಡಿನಲ್ಲಿ ಬಿಡಿಸಿ, ತುದಿಗೆ ಟೇಪು ಸುತ್ತಿ, ಟ್ರಿಪ್ ಸ್ವಿಚ್ಚು ಎತ್ತಿದ. ನಿಂತಿತು. ಹಾಸಿಗೆಯ ಮೋಟಾರು ಗುರ್ ಎಂದಿತು. ಬಂದ ಹತ್ತು ನಿಮಿಷದೊಳಗೆ ಕೆಲಸ ಮುಗಿದಿತ್ತು.

"ಇದ್ಕೆ ಸ್ವಿಚ್ಚೇ ಇಲ್ಲೆ! ಶೀನಣ್ಣನ್ ಮನಿಯಂಗ್ ಇಂಥಾ ಹುಚ್ಚ್ ಕೆಲ್ಸ ಮಾಡಿದ್ ಯಾರಪ್ಪ?" ಎಂದು ಅವನು ನಕ್ಕ.

ಅತ್ತಿಗೆ ಗೋಡೆ ಹಿಡಿದುಕೊಂಡು ಕೂತಳು. ಆಗ ಎಲ್ಲ ಹೇಳಿದಳು, ಹರಕೆ, ಹಟ, ಎಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ತಿರುಗಿಸಿ ನೋಡಿದರೆ ಬೆನ್ನಿನ ಚರ್ಮ ಒಡೆದು ಬಟ್ಟೆಗೆ ಅಂಟಿತ್ತು. ಕ್ಷಮಾ ಸಂಜೆ ಬಂದು ನೋಡಿ, ಇದೆಷ್ಟು ಹೊತ್ತು ಹೀಗೇ ಮಲಗಿಸಿದ್ದಿರಿ ಅಂತ ಕೇಳಿದಳು.

ಈಗ ಆಗಸ್ಟು. ಹುಣ್ಣು ದಿನಕ್ಕಿಷ್ಟು ದೊಡ್ಡದಾಗುತ್ತಿದೆ, ಮದ್ದು ನಡೆಯುತ್ತಿದೆ. ಅದು ಹಾಗಿರಲಿ. ಅಣ್ಣ ಅತ್ತಿಗೆಯ ಕೈಯಿಂದ ಉಣ್ಣುವುದಿಲ್ಲ. ಅವಳು ಚಮಚ ತಂದರೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಾನೆ. ನಲವತ್ತು ವರ್ಷ ಬಡಿಸಿದವಳು ಬಾಗಿಲ ಸಂದಿಯಲ್ಲಿ ನಿಂತಿರುತ್ತಾಳೆ, ನಾನು ವಾರಕ್ಕೆ ನಾಲ್ಕು ದಿನ ಬಾರ್ಕೂರಿನಿಂದ ಬಸ್ಸು ಹತ್ತಿ ಹೋಗಿ ಉಣ್ಣಿಸುತ್ತೇನೆ. ನನ್ನ ಕೈಯಿಂದ ತಗೊಳ್ಳುತ್ತಾನೆ, ಆದರೆ ಮೊದಲು ಕತ್ತೆತ್ತಿ ಚಮಚದೊಳಗೆ ನೋಡುತ್ತಾನೆ. ಬರೀ ಗಂಜಿಯೇ ಇದೆ ಎಂದು ಗೊತ್ತಾದ ಮೇಲೆ ಬಾಯಿ ತೆರೆಯುತ್ತಾನೆ.